ಗುಂಡನ ರಟ್ಟೆ

ಚೇಕಾಡಿಯ ಬಯಲಿನಲ್ಲಿ ಕೊಯ್ಲು ಮುಗಿದು ಕಣದ ಕೆಲಸ ಸಾಗಿತ್ತು. ದಾಮೋದರನ್ ಗೌಡರ ಕಣ ಕಾಡಿನ ಅಂಚಿಗೇ ಇತ್ತು. ಮಂಜು ಕರಗುವ ಹೊತ್ತಿಗೆ ಹೆಂಗಸರು ಹುಲ್ಲು ಕೊಡವಿ ಭತ್ತವನ್ನು ರಾಶಿ ಮಾಡಿದ್ದರು. ಗಂಡಸರು ಚೀಲ ಹೊತ್ತು ಗಾಡಿಗೆ ಏರಿಸುತ್ತಿದ್ದರು. ಭತ್ತ ಕೊಳ್ಳಲು ಮೀನಂಗಡಿಯಿಂದ ಬಂದಿದ್ದ ವ್ಯಾಪಾರಿ ಕೊಡೆಯನ್ನು ನೆಲಕ್ಕೆ ಊರಿಕೊಂಡು ನೋಡುತ್ತ ನಿಂತಿದ್ದನು.

ಬಿಸಿಲು ಏರಿದಾಗ ಗುಂಡ ತನ್ನ ಹರಕು ಅಂಗಿಯನ್ನು ಬಿಚ್ಚಿ ಬೇಲಿಯ ಮೇಲೆ ಹಾಕಿದನು. ಒಂದು ಚೀಲವನ್ನು ಯಾರ ಕೈ ನೆರವೂ ಇಲ್ಲದೆ ಮೊಣಕಾಲಿಗೆ, ಮೊಣಕಾಲಿನಿಂದ ಹೆಗಲಿಗೆ ಎತ್ತಿಕೊಂಡನು. ರಟ್ಟೆಗಳು ಉಬ್ಬಿ ನಿಂತವು. ಬೆನ್ನಿನ ಮೇಲೆ ಮಾಂಸ ಹುರಿಗೊಂಡು ಹರಿದಾಡಿತು. ವ್ಯಾಪಾರಿ ಬಾಯಿ ತೆರೆದುಕೊಂಡು ನೋಡಿದನು.

"ಇವನ್ಯಾರು ಗೌಡ್ರೇ? ಕಲ್ಲಲ್ಲಿ ಕಡೆದ ಹಾಗಿದಾನಲ್ಲ!"

"ನಮ್ಮ ಆಳು ಮಾತಿಯ ಮಗ. ಗುಂಡ."

"ನಿಮ್ಮ ಮನೆ ಗಂಜಿಗೆ ಏನು ಹಾಕ್ತೀರಿ? ನನ್ನನ್ನೂ ಒಂದು ವರ್ಷ ಕೂಲಿಗೆ ಇಟ್ಕೊಳ್ಳಿ. ಈ ಹೊಟ್ಟೆ ಕರಗಿ ಎದೆಗೆ ಹೋಗ್ಲಿ!"

ಹುಲ್ಲು ಕಟ್ಟುತ್ತಿದ್ದ ಮುದುಕಿ ಕಾರ್ತು ಕೋಲಿನಂಥ ತನ್ನ ತೋಳನ್ನು ಮೇಲೆತ್ತಿ ತೋರಿಸಿದಳು. "ನಾನೂ ಅದೇ ಗಂಜಿ ಕುಡಿಯೋದು ಸಾಮೀ. ಇದನ್ನೂ ಸ್ವಲ್ಪ ನೋಡಿ!"

ಕಣವೆಲ್ಲ ನಕ್ಕಿತು. ಗುಂಡನೂ ಚೀಲದ ಕೆಳಗಿನಿಂದಲೇ ನಕ್ಕನು. ಗೌಡರು ಮಾತ್ರ ನಗಲಿಲ್ಲ. ವ್ಯಾಪಾರಿಯ ಹೊಗಳಿಕೆ ಅವರಿಗೆ ಮುಳ್ಳು ಚುಚ್ಚಿದ ಹಾಗಾಯಿತು. ತಮ್ಮ ಮನೆಯ ಗಂಜಿ ಎಷ್ಟು ತೆಳು ಎಂಬುದು ಅವರಿಗೆ ಗೊತ್ತಿತ್ತು. ದಿನದ ಕೂಲಿಗೆ ಅಳೆದು ಕೊಡುವ ಭತ್ತ, ಈ ಕಡೆಯ ಜನ ವಲ್ಲಿ ಎನ್ನುವುದು, ಎಷ್ಟು ಎಂಬುದೂ ಗೊತ್ತಿತ್ತು. ಸಂಜೆ ಸೇರು ಹಿಡಿದು ಅಳೆಯುವವರು ಅವರೇ.

ಇನ್ನೊಂದು ನೋವೂ ಅದರ ಅಡಿಯಲ್ಲಿತ್ತು. ಗೌಡರ ಒಬ್ಬನೇ ಮಗ ಎರಡು ಮಳೆಗಾಲದ ಹಿಂದೆ ಜ್ವರದಲ್ಲಿ ಹೋಗಿದ್ದನು. ಹುಟ್ಟಿದಾಗಿನಿಂದ ಸೊರಗಿದ ಮೈ. ತಾಯಿ ಕುಞ್ಞಮ್ಮ ಅವನಿಗೆ ಹಾಲು ಕಾಯಿಸಿ ಕೊಡುವಳು, ತುಪ್ಪ ಬಡಿಸುವಳು. ಅವನು ಎರಡು ತುತ್ತು ತಿಂದು ತಟ್ಟೆ ಸರಿಸುವನು. ಹೋಗುವಾಗ ಅವನ ಮುಂಗೈ ಗೌಡರ ಎರಡು ಬೆರಳಿನ ನಡುವೆ ಹಿಡಿಯುವಷ್ಟಾಗಿತ್ತು. ಗುಂಡನೂ ಅವನೂ ಒಂದೇ ವಯಸ್ಸಿನವರು. ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ ಎಂದು ಗೌಡರು ಬಂದವರ ಮುಂದೆ ಹೇಳುತ್ತಿದ್ದರು. ಆದರೆ ಆ ದಿನ ಬಿಸಿಲಿನಲ್ಲಿ ಮಿನುಗುವ ಆ ಬೆನ್ನನ್ನು ನೋಡಿದಾಗ, ಇವನಿಗೆ ಹೇಗೆ ಬಂತು ಇದು, ಎಲ್ಲಿಂದ ಬಂತು, ಎಂಬ ಪ್ರಶ್ನೆ ಅವರೊಳಗೆ ಹುಳಿಯಾಗತೊಡಗಿತು.

ಸಂಜೆ ವಲ್ಲಿ ಅಳೆಯುವಾಗ ಗುಂಡನನ್ನು ಹಿಂದೆ ನಿಲ್ಲಿಸಿಕೊಂಡರು.

"ಹೋದ ವರ್ಷ ನೀನು ಹೀಗಿರ್ಲಿಲ್ಲವಲ್ಲೋ. ಏನು ಮಾಡ್ತಿ?"

"ಏನಿಲ್ಲ ಗೌಡ್ರೇ. ತಿಂತೀನಿ. ಅಷ್ಟೇ."

"ಏನು ತಿಂತಿ?"

ಗುಂಡ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದನು. "ಸಿಕ್ಕಿದ್ದು."

"ಎಲ್ಲಿ ಸಿಗುತ್ತೆ?"

ಅವನು ಉತ್ತರ ಕೊಡಲಿಲ್ಲ. ಭತ್ತವನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು, ತನ್ನ ಜನರ ಗುಡಿಸಲುಗಳಿದ್ದ ಹಾಡಿಯ ದಾರಿ ಹಿಡಿದನು. ಆ ಮೌನವನ್ನು ಗೌಡರು ಕಳ್ಳತನದ ಸಾಕ್ಷಿಯೆಂದು ತಿಳಿದರು. ಕಣಜದ ಬಾಗಿಲಿಗೆ ಬೀಗ ಹಾಕಿಸಿದರು. ಕೈಯಿಳಿಸಿ ನೋಡಿದರೆ ಭತ್ತ ಹಾಕಿದಷ್ಟೇ ಇತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಇಲ್ಲಿ ಕದಿಯದಿದ್ದರೆ ಇನ್ನೆಲ್ಲೋ ಕದಿಯುತ್ತಾನೆ. ಕದಿಯದೆ ಆ ಮೈ ಹೇಗೆ ಬಂದೀತು?

ಆಗ ಕಾಲವೂ ಕೆಟ್ಟಿತ್ತು. ಹಿಂದಿನ ವರ್ಷ ಪುಲ್ಪಳ್ಳಿಯ ಪೊಲೀಸ್ ಕ್ಯಾಂಪಿಗೆ ನಕ್ಸಲರು ನುಗ್ಗಿದ ಮೇಲೆ ಕಾಡಂಚಿನ ಊರುಗಳಲ್ಲೆಲ್ಲ ಪೊಲೀಸರು ಬೀಡುಬಿಟ್ಟಿದ್ದರು. ನಾಲ್ಕು ಜನ ಸೇರಿದರೆ ಸಂಶಯ. ಹೊಸಬ ಬಂದರೆ ಸಂಶಯ. ಒಂದು ಮಧ್ಯಾಹ್ನ ಹತ್ತಿರದ ಬೀಡಿನ ಅಧಿಕಾರಿ ಗೌಡರ ಜಗುಲಿಗೆ ಬಂದು ಕುಳಿತನು. ವಯಸ್ಸು ಚಿಕ್ಕದು, ನಿದ್ದೆಗೆಟ್ಟ ಕಣ್ಣು. ಕುಞ್ಞಮ್ಮ ತಂದ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು ಮಲಯಾಳದಲ್ಲಿ ಕೇಳಿದನು.

"ನಿಮ್ಮ ಆಳುಗಳಲ್ಲಿ ಯಾರಾದರೂ ಈಚೆಗೆ ಬದಲಾದವರು ಇದ್ದಾರೆಯೇ? ಕಾಡಿನಲ್ಲಿ ಅಡಗಿರುವ ನಕ್ಸಲರು ಕೆಲವರಿಗೆ ಕವಾಯತು ಕಲಿಸುತ್ತಾರೆ, ಊಟ ಹಾಕುತ್ತಾರೆ ಅಂತ ಸುದ್ದಿ ಇದೆ."

ಗೌಡರು ಅಂಗಳದ ಕಡೆ ನೋಡಿದರು. "ಒಬ್ಬನಿದ್ದಾನೆ" ಎಂದರು. "ಅವನು ನಮ್ಮ ವಲ್ಲಿಯಲ್ಲಿ ಬದುಕುವವನಲ್ಲ. ಬೇರೆ ಯಾರೋ ತಿನ್ನಿಸುತ್ತಿದ್ದಾರೆ, ಇಲ್ಲವೆ ಕದಿಯುತ್ತಾನೆ. ಮೈ ನೋಡಿದರೆ ನಿಮಗೇ ಗೊತ್ತಾಗುತ್ತದೆ."

ಆ ಸಂಜೆಯೇ ಗುಂಡನನ್ನು ಗದ್ದೆಯ ಬದುವಿನಿಂದ ಹಿಡಿದುಕೊಂಡು ಹೋದರು.

ಮರುದಿನ ಬೆಳಗ್ಗೆ ಗೌಡರು ಮಿಂದು ದೇವರ ಮುಂದೆ ಕುಳಿತಿದ್ದಾಗ ಅಂಗಳದಲ್ಲಿ ಮಾತಿಯ ದನಿ ಕೇಳಿಸಿತು. ಅವಳು ಅಳುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಬೀಡಿಗೆ ಹೋಗಿ, ಬೇಲಿಯ ಹೊರಗೆ ನಿಂತು ಮಗನ ಕೂಗು ಕೇಳಿ ಬಂದಿದ್ದಳು.

"ಗೌಡ್ರೇ, ನೀವು ಹೇಳಿದ್ರಂತೆ."

ಗೌಡರು ಹೊರಗೆ ಬಂದರು. "ನಾನು ಸುಳ್ಳು ಹೇಳಿಲ್ಲ ಮಾತಿ. ಅವನು ಏನು ತಿಂತಾನೆ, ಎಲ್ಲಿ ತಿಂತಾನೆ ಅಂತ ಕೇಳ್ದೆ. ಬಾಯಿ ಬಿಡ್ಲಿಲ್ಲ."

"ಹೇಗೆ ಬಿಡ್ತಾನೆ? ಚೇಟ್ಟ ಹೇಳ್ಬೇಡ ಅಂದಿದಾರೆ."

"ಯಾವ ಚೇಟ್ಟ?"

"ಮುಳ್ಳನ್ಕೊಲ್ಲೀಲಿ ಸರ್ಕಸ್ಸಿನವ್ರು ಒಬ್ರು ಇದಾರಲ್ಲ, ಕುಂಟಿಕೊಂಡು ನಡೆಯೋರು. ಅವ್ರನ್ನೇ ಇವನು ಚೇಟ್ಟ, ಅಣ್ಣ ಅಂತಾನೆ. ಭಾನುವಾರ ಅವ್ರ ತೋಟಕ್ಕೆ ಹೋಗ್ತಾನೆ. ಮೆಣಸಿನ ಬಳ್ಳಿಗೆ ಗುಂಡಿ ತೋಡೋಕೆ. ಅವ್ರು ಹೊಟ್ಟೆ ತುಂಬ ಹಾಕ್ತಾರೆ. ವಾರಕ್ಕಾಗೋಷ್ಟು ಕಟ್ಟಿಯೂ ಕೊಡ್ತಾರೆ. ಕಲ್ಲು ಎತ್ತೋದು, ಬಸ್ಕಿ ಹೊಡೆಯೋದು ಹೇಳ್ಕೊಡ್ತಾರೆ. ಪೊಲೀಸಿಗೆ ಗೊತ್ತಾದ್ರೆ ಕವಾಯತು ಅಂತಾರೆ, ಅದಕ್ಕೇ ಯಾರಿಗೂ ಹೇಳ್ಬೇಡ ಅಂದಿದ್ರು."

ಬಾಗಿಲಲ್ಲಿ ನಿಂತಿದ್ದ ಕುಞ್ಞಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಮಾತಿ ಹೋದ ಮೇಲೆ ಮೆಲ್ಲನೆ ಹೇಳಿದಳು:

"ಮಾತಿ ಮಗ ಕದ್ದ ಅಂತ ನಿಮಗೆ ಸಂಕಟ ಆಗಿದ್ದಲ್ಲ. ನಮ್ಮ ಮಗನಿಗೆ ಮೈ ಬರ್ಲಿಲ್ಲ, ಇವನಿಗೆ ಬಂತು ಅಂತ."

"ಸುಮ್ಮನಿರು" ಎಂದರು ಗೌಡರು. ಆದರೆ ಮತ್ತೆ ದೇವರ ಮುಂದೆ ಕೂತಾಗ ಬಾಯಿಗೆ ಬರುತ್ತಿದ್ದ ಸ್ತೋತ್ರ ಮಧ್ಯದಲ್ಲೇ ನಿಂತುಹೋಯಿತು. ಎಷ್ಟು ನೆನೆದರೂ ಮುಂದಿನ ಸಾಲು ಬರಲಿಲ್ಲ. ಅವರು ಎದ್ದು ಅಂಗಿ ತೊಟ್ಟುಕೊಂಡು ಮುಳ್ಳನ್ಕೊಲ್ಲಿಯ ದಾರಿ ಹಿಡಿದರು.

ಆ ಚೇಟ್ಟನ ಹೆಸರು ಕರುಣಾಕರನ್, ತಲಶ್ಶೇರಿಯ ಕಡೆಯವನು. ಸರ್ಕಸ್ಸಿನಲ್ಲಿ ಜನರ ಗೋಪುರ ಕಟ್ಟುವಾಗ ಎಲ್ಲರ ಭಾರ ಹೊತ್ತು ಕೆಳಗೆ ನಿಲ್ಲುವವನಾಗಿದ್ದನು. ಒಂದು ದಿನ ಮೊಣಕಾಲು ಸೋತಿತು. ಕೈಗೆ ಬಂದ ಹಣದಲ್ಲಿ ಇಲ್ಲಿ ಜಾಗ ಮಾಡಿ ಮೆಣಸು ಹಾಕಿಕೊಂಡಿದ್ದನು. ಮೈಸೂರು ಸೀಮೆಯ ಊರೂರು ತಿರುಗಿದ್ದರಿಂದ ಕನ್ನಡ ಬರುತ್ತಿತ್ತು. ಡೇರೆಯ ಹೊರಗೆ ನಿಂತು ಕೂಗುವವರ ಕನ್ನಡ. ಗೌಡರು ಹೋದಾಗ ಅವನು ಹಲಸಿನ ಮರದ ಕೆಳಗೆ ಕಲ್ಲಿನ ಮೇಲೆ ಕುಳಿತಿದ್ದನು. ಸುತ್ತ ಕೋಳಿಗಳು ಕೆದರುತ್ತಿದ್ದವು. ಬಿದಿರಿನ ಗಳುವಿನ ಎರಡು ತುದಿಗೆ ಕಲ್ಲು ಕಟ್ಟಿದ್ದು ಮರಕ್ಕೆ ಒರಗಿತ್ತು.

"ನೀವು ಗೌಡ್ರು ಅಂತ ಗೊತ್ತಾಯ್ತು" ಎಂದನು, ಏಳದೆಯೇ. "ಬೈಯೋಕೆ ಬಂದ್ರೆ ಬೈದುಬಿಡಿ. ನಿನ್ನೆ ರಾತ್ರಿ ಸುದ್ದಿ ಬಂದ ಕೂಡ್ಲೇ ನಾನು ಬೀಡಿಗೆ ಹೋಗಿ ಹೇಳ್ಬೇಕಿತ್ತು, ಅವನು ನನ್ನ ಹತ್ರ ಬರೋನು ಅಂತ. ಹೆದರಿದೆ. ಐದು ಜನ ನನ್ನ ತಲೆ ಮೇಲೆ ನಿಂತಾಗ ಹೆದರದವನು ಒಂದು ಖಾಕಿ ಟೋಪಿಗೆ ಹೆದರಿದೆ. ನಾಚಿಕೆಗೇಡು."

"ಬೈಯೋಕೆ ಬಂದಿಲ್ಲ" ಎಂದರು ಗೌಡರು. "ಅವನಿಗೆ ಏನು ಕೊಡ್ತಿದ್ದೆ, ಅದನ್ನ ಹೇಳು."

"ಏನು ಕೊಡೋದು? ಕಪ್ಪ ಬೇಯಿಸಿ ಹಾಕ್ತೀನಿ, ನಿಮ್ಮ ಮರಗೆಣಸು. ಒಣ ಮೀನು. ಕೋಳಿ ಇಟ್ಟಷ್ಟೂ ಮೊಟ್ಟೆ. ನೆನೆಸಿದ ಕಡಲೆ. ಹೋಗುವಾಗ ಕಡಲೆಕಾಯಿ, ಬೆಲ್ಲ ಕಟ್ಟಿ ಕೊಡ್ತೀನಿ. ಆಮೇಲೆ ಈ ಕಲ್ಲು. ಎತ್ತು ಅಂತೀನಿ, ಎತ್ತುತ್ತಾನೆ. ಮರುದಿನ ಅದೇ ತೋಳನ್ನ ದಣಿಸ್ಬೇಡ ಅಂತೀನಿ. ನಿಮ್ಮ ಗದ್ದೆ ಬಿಡುತ್ತಾ!" ಅವನು ನಕ್ಕನು.

"ಇಷ್ಟಕ್ಕೇ ಹಾಗೆ ಮೈ ಬಂತಾ?"

"ಗೌಡ್ರೇ, ಎತ್ತೋದನ್ನ ನಾನೇನು ಅವನಿಗೆ ಕಲಿಸ್ಲಿ? ಹುಟ್ಟಿದಾಗಿಂದ ಎತ್ತಿದಾನೆ. ಮೊದಲ ದಿನ ಗುಂಡಿ ತೋಡೋಕೆ ಬಂದಾಗ ನೋಡ್ದೆ. ಎಲುಬು ನೋಡಿದ್ರೆ ಪೈಲ್ವಾನಂದು. ಮೇಲೆ ಒಂದು ಹಿಡಿ ಮಾಂಸ ಇಲ್ಲ. ನಮ್ಮ ಸರ್ಕಸ್ಸಲ್ಲಿ ಆನೆಗೂ ಕುದುರೆಗೂ ಅಳತೆ ಇರುತ್ತೆ, ಇಷ್ಟು ಕೆಲಸಕ್ಕೆ ಇಷ್ಟು ಮೇವು ಅಂತ. ಕಡಿಮೆ ಹಾಕಿದ್ರೆ ಮಾಲೀಕನಿಗೇ ನಷ್ಟ. ಮೇವು ಸಾಲದೆ ಹೋದ್ರೆ ಮೈ ತನ್ನನ್ನೇ ತಿಂದ್ಕೊಂಡು ಕೆಲಸ ಮಾಡುತ್ತೆ. ಅವನ ಮೈ ಅದನ್ನೇ ಮಾಡ್ತಿತ್ತು."

ಗೌಡರಿಗೆ ಕೋಪ ಬಂತು. "ನಾನು ಯಾರಿಗೂ ಮೋಸ ಮಾಡಿದವನಲ್ಲ. ನಮ್ಮಪ್ಪ ಕೊಡ್ತಿದ್ದಷ್ಟೇ ವಲ್ಲಿ ಕೊಡ್ತೀನಿ. ಸುತ್ತಮುತ್ತ ಎಲ್ಲ ಮನೆಯವರೂ ಅಷ್ಟೇ ಕೊಡೋದು. ವಳ್ಳಿಯೂರುಕಾವಿನ ಉತ್ಸವದಲ್ಲಿ, ದೇವಿಯ ಮುಂದೆ ವರ್ಷದ ಕೆಲಸಕ್ಕೆ ಮಾತಾಗುತ್ತೆ. ಅವರೂ ಒಪ್ಪಿಯೇ ಬರೋದು."

"ಒಪ್ತಾರೆ, ಒಪ್ತಾರೆ. ಹಸಿದವನು ಎಲ್ಲದಕ್ಕೂ ತಲೆ ಆಡಿಸ್ತಾನೆ." ಕರುಣಾಕರನ್ ಕೋಲು ಊರಿ ಎದ್ದನು. "ಬನ್ನಿ, ಹೋಗೋಣ. ಒಬ್ಬನೇ ಹೋಗೋ ಧೈರ್ಯ ನನಗಿಲ್ಲ. ನಿಮಗೂ ಇದ್ದಂತೆ ಕಾಣ್ಲಿಲ್ಲ."

ಬೀಡು ಒಂದು ಶಾಲೆಯ ಕಟ್ಟಡದಲ್ಲಿತ್ತು. ಮಕ್ಕಳ ಬೆಂಚುಗಳನ್ನು ಅಂಗಳಕ್ಕೆ ಹಾಕಿ ಪೊಲೀಸರು ಬಟ್ಟೆ ಒಣಗಿಸಿದ್ದರು. ಗುಂಡನನ್ನು ಹೊರಗೆ ತಂದು ಕಂಬದ ಪಕ್ಕ ನಿಲ್ಲಿಸಿದರು. ಮೈಮೇಲೆ ಅಂಗಿಯಿರಲಿಲ್ಲ. ಕಣದಲ್ಲಿ ಗೌಡರು ನೋಡಿದ ಅದೇ ಬೆನ್ನಿನ ಮೇಲೆ ಬಾಸುಂಡೆಗಳು ಎದ್ದಿದ್ದವು. ಒಂದು ಕೆನ್ನೆ ಊದಿತ್ತು. ಅವನು ಗೌಡರನ್ನು ನೋಡಿದನು, ಮತ್ತೆ ನೆಲ ನೋಡಿದನು.

ಕರುಣಾಕರನ್ ತನ್ನ ಕಥೆಯೆಲ್ಲ ಹೇಳಿದನು. ನಂಬಿಕೆ ಬರಲೆಂದು ತೋಳು ಮಡಿಸಿ ತೋರಿಸಿದಾಗ ಅದು ಒಮ್ಮೆ ಉಬ್ಬಿ ಜೋತುಬಿತ್ತು, ಕಾನ್‌ಸ್ಟೇಬಲ್‌ಗಳು ನಕ್ಕರು. ಅಧಿಕಾರಿ ನಗಲಿಲ್ಲ. ಗೌಡರ ಕಡೆ ತಿರುಗಿದನು.

"ಇದನ್ನೇ ಈ ಹುಡುಗನೂ ಕೊನೆಗೆ ಹೇಳಿದ. ನಾನು ನಂಬಲಿಲ್ಲ. ಯಾಕೆಂದರೆ ನೀವು ಅಷ್ಟು ಖಂಡಿತವಾಗಿ ಹೇಳಿದ್ದಿರಿ. ಇವನ ಯಜಮಾನರು ನೀವು. ನಿಮ್ಮ ಮನೆಯಲ್ಲಿ ಭತ್ತ ಕಡಿಮೆಯಾಗಿದೆಯೇ?"

"ಇಲ್ಲ."

"ಇವನು ಕಾಡಿನವರ ಜೊತೆ ಇದ್ದದ್ದನ್ನು ನೋಡಿದ್ದೀರಾ?"

"ಇಲ್ಲ ಸಾರ್."

"ಯಾರಾದರೂ ನಿಮಗೆ ಹೇಳಿದರೇ?"

"ಇಲ್ಲ."

"ಹಾಗಾದರೆ ನಿಮಗೆ ಹೇಗೆ ಗೊತ್ತಾಯಿತು?"

ಗೌಡರು ಇನ್ನೊಂದು ಸುಳ್ಳು ಹೇಳಬಹುದಿತ್ತು. ಯಾರೋ ಹೇಳಿದರು, ಕೇಳಿ ತಪ್ಪಾಯಿತು ಎನ್ನಬಹುದಿತ್ತು. ಕಂಬದ ಪಕ್ಕದ ಬಾಸುಂಡೆಗಳು ಕಣ್ಣೆದುರಿಗೇ ಇದ್ದವು.

"ನಾನು ಕೊಡೋ ವಲ್ಲಿ ಎಷ್ಟು ಅಂತ ನನಗೆ ಗೊತ್ತು ಸಾರ್" ಎಂದರು. "ಅದನ್ನು ತಿಂದು ಯಾರಿಗೂ ಮೈಯಲ್ಲಿ ಮಾಂಸ ಬರೋದಿಲ್ಲ. ಅದಕ್ಕೇ ಇವನಿಗೆ ಬಂದದ್ದು ಕಳ್ಳತನದ್ದು ಅಂದ್ಕೊಂಡೆ."

ಹೇಳುವವರೆಗೂ ಆ ಮಾತಿನ ರೂಪ ಅವರಿಗೆ ಕಂಡಿರಲಿಲ್ಲ. ಬಾಯಿಂದ ಹೊರಬಿದ್ದ ಮೇಲೆ ಅದು ಎಲ್ಲರ ನಡುವೆ ಬೆತ್ತಲೆ ನಿಂತಿತು. ಒಬ್ಬ ಕಾನ್‌ಸ್ಟೇಬಲ್ ಕಿಸಕ್ಕೆಂದನು. ಅಧಿಕಾರಿ ಅವನನ್ನು ಕೈಸನ್ನೆಯಿಂದ ಸುಮ್ಮನಾಗಿಸಿದನು.

"ಕಾಡಿನಲ್ಲಿರುವವರು ಊರೂರಿಗೆ ಬಂದು ಹೇಳುವುದೂ ಇದನ್ನೇ" ಎಂದನು. "ಅವರು ಹೇಳಿದರೆ ನಾವು ಹಿಡಿಯುತ್ತೇವೆ. ನಿಮ್ಮನ್ನು ಏನು ಮಾಡಲಿ?"

ಗೌಡರ ಮುಖ ನೋಡದೆ ಅಧಿಕಾರಿ ಕೈಬೀಸಿದನು. ಗುಂಡನ ಅಂಗಿಯನ್ನು ಯಾರೋ ಎಸೆದರು. ಅದನ್ನು ತೊಡಲು ಅವನಿಗೆ ತೋಳು ಎತ್ತಲಾಗಲಿಲ್ಲ. ಗೌಡರು ಹತ್ತಿರ ಹೋಗಿ ಅವನ ತೋಳನ್ನು ಹಿಡಿದು ಅಂಗಿಯ ತೋಳಿನೊಳಗೆ ತೂರಿಸಿದರು. ಮಗನಿಗೆ ಕಡೆಯ ದಿನಗಳಲ್ಲಿ ಹೀಗೆಯೇ ಅಂಗಿ ಹಾಕಿದ್ದರು. ಆ ತೋಳಿಗೆ ತೂಕವೇ ಇರಲಿಲ್ಲ. ಈ ತೋಳು ಭಾರವಾಗಿತ್ತು, ಬಿಸಿಯಾಗಿತ್ತು, ಮುಟ್ಟಿದಲ್ಲಿ ನೋವಿಗೆ ಬೆಚ್ಚಿತು.

ಕರುಣಾಕರನ್ ಕಾಲು ನೋವೆಂದು ಬೀಡಿನ ಪಕ್ಕದ ಮರದಡಿ ಕುಳಿತನು. ದಾರಿಯಲ್ಲಿ ಒಂದು ಚಹದ ಅಂಗಡಿಯಿತ್ತು. ಹಾಡಿಯ ಜನ ಅಲ್ಲಿ ಹಿಂಬದಿಗೆ ಹೋಗಿ ನಿಂತು ತಿನ್ನುವ ರೂಢಿ. ಗುಂಡ ಹಿಂಬದಿಗೆ ಹೊರಟನು. ಗೌಡರು ಅವನ ಹೆಗಲನ್ನು ಮೆಲ್ಲನೆ ಹಿಡಿದು ಒಳಗಿನ ಬೆಂಚಿನ ಮೇಲೆ ಕೂರಿಸಿ, ಎದುರಿಗೆ ತಾವು ಕುಳಿತರು. ಅಂಗಡಿಯವನು ಒಮ್ಮೆ ಗೌಡರನ್ನು, ಒಮ್ಮೆ ಗುಂಡನನ್ನು ನೋಡಿದನು; ಬಂದು ಎಲೆ ಹಾಸಿದನು.

"ಅನ್ನ ಇದ್ರೆ ಹಾಕು" ಎಂದರು ಗೌಡರು.

ಊದಿದ ಕೆನ್ನೆಯಿಂದ ಗುಂಡ ನಿಧಾನವಾಗಿ ತಿಂದನು. ಎಲೆ ಖಾಲಿಯಾಯಿತು. ಮತ್ತೆ ಹಾಕಿದರು. ಅದೂ ಖಾಲಿಯಾಯಿತು. ಇಷ್ಟು ಸಾಕೆಂದು ಗೌಡರು ತಮ್ಮ ಮನಸ್ಸಿನಲ್ಲಿ ಎಣಿಸಿದ್ದ ಗೆರೆಯನ್ನು ಅವನು ಆಗಲೇ ದಾಟಿಹೋಗಿದ್ದನು. ಅವನು ಆಸೆಬುರುಕನ ಹಾಗೆ ತಿನ್ನುತ್ತಿರಲಿಲ್ಲ. ಕೆಲಸ ಮಾಡುವ ಹಾಗೆ ತಿನ್ನುತ್ತಿದ್ದನು. ಇವನು ಚಿಕ್ಕಂದಿನಿಂದ ತಮ್ಮ ಗದ್ದೆಯಲ್ಲಿ ಬೆಳೆದವನು. ಇವನ ಹೊಟ್ಟೆ ಎಷ್ಟು ಎಂಬುದನ್ನು ಗೌಡರು ಈವರೆಗೆ ನೋಡಿಯೇ ಇರಲಿಲ್ಲ.

"ಗುಂಡ" ಎಂದರು. "ಪೊಲೀಸ್ರಿಗೆ ಹೇಳಿದ್ದು ನಾನೇ."

"ಗೊತ್ತು ಗೌಡ್ರೇ. ಹೊಡೆಯುವಾಗ ನಿಮ್ಮ ಹೆಸರು ಹೇಳ್ತಿದ್ರು."

ಗೌಡರು ಕಣ್ಣು ಕೆಳಗೆ ಮಾಡಿದರು. ಗುಂಡ ಕೊನೆಯ ತುತ್ತನ್ನು ಬಳಿದು ತಿಂದು ಎಲೆ ಮಡಿಸಿದನು.

"ನಾನಿನ್ನು ನಿಮ್ಮ ಗದ್ದೆಗೆ ಬರಲ್ಲ. ಚೇಟ್ಟನ ತೋಟದಲ್ಲೇ ನಿಲ್ತೀನಿ. ಅವ್ವನ ಮೇಲೆ ಕೋಪ ಮಾಡ್ಕೋಬೇಡಿ."

"ನಿಲ್ಲು" ಎಂದರು ಗೌಡರು. "ಅಲ್ಲೇ ನಿಲ್ಲು. ನಿನಗೆ ಒಳ್ಳೇದು." ಅಂಗಡಿಯವನಿಗೆ ದುಡ್ಡು ಕೊಟ್ಟು ಎದ್ದರು.

ಮಾರನೆಯ ಸಂಜೆ ಕಣದಲ್ಲಿ ಎಂದಿನಂತೆ ಆಳುಗಳು ವಲ್ಲಿಗೆ ಸಾಲಾಗಿ ನಿಂತರು. ವೆಳ್ಳನ್, ಕಾರ್ತು, ಮಾತಿ, ಇನ್ನೂ ಕೆಲವರು. ಬೀಡಿನ ಅಂಗಳದಲ್ಲಿ ಗೌಡರು ಆಡಿದ ಮಾತು ಅಷ್ಟರೊಳಗೆ ಬಯಲೆಲ್ಲ ಹರಡಿತ್ತು. ನೆರೆಯ ಜಮೀನಿನವರು ಬೆಳಗ್ಗೆಯೇ ಬಂದು, ನಮ್ಮೆಲ್ಲರ ಮಾನ ಕಳೆದಿರಿ ಎಂದು ಹೇಳಿ ಹೋಗಿದ್ದರು. ಆಳುಗಳು ಮಾತ್ರ ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಎತ್ತದೆ ಇದ್ದದ್ದೇ ಗೌಡರಿಗೆ ಹೆಚ್ಚು ಉರಿಯಿತು.

ಅವರು ಸೇರನ್ನು ರಾಶಿಗೆ ಅದ್ದಿದವರು ಹಾಗೆಯೇ ನಿಂತರು.

"ಅಳೆಯೋಕೆ ಮುಂಚೆ ಒಂದು ಮಾತು" ಎಂದರು. "ದಿನಕ್ಕೆ ಹೊಟ್ಟೆ ತುಂಬಬೇಕಾದ್ರೆ ಒಬ್ಬೊಬ್ರಿಗೆ ಎಷ್ಟು ಬೇಕು? ಹೇಳಿ."

ಆ ಪ್ರಶ್ನೆಯನ್ನು ಆ ಕಣದಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ವೆಳ್ಳನ್ ಬೇಲಿಯ ಕಡೆ ನೋಡಿದನು. ಏನೋ ಬಲೆಯಿರಬೇಕೆಂದು ಕಾರ್ತು ಕೈಮುಗಿದಳು. "ನೀವು ಕೊಟ್ಟಷ್ಟು ಸಾಕು ಗೌಡ್ರೇ. ನಾವೇನೂ ಕೇಳಿಲ್ಲ."

"ಕೇಳಿಲ್ಲ. ನಾನೇ ಕೇಳ್ತಿದೀನಿ."

ಭತ್ತದ ಧೂಳು ಇಳಿಬಿಸಿಲಿನಲ್ಲಿ ತೇಲುತ್ತಿತ್ತು. ಕಡೆಗೆ ಮಾತಿ ಒಂದು ಹೆಜ್ಜೆ ಮುಂದೆ ಬಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವೂ ಇರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳುವವಳ ಹಾಗೆ ಕೇಳಿದಳು.

"ಕೆಲಸ ಮಾಡೋರಿಗಷ್ಟೇ ಹೇಳ್ಬೇಕಾ ಗೌಡ್ರೇ, ಮಕ್ಕಳನ್ನೂ ಸೇರ್ಸಿ ಹೇಳ್ಬೇಕಾ?"

ಗೌಡರು ಸೇರನ್ನು ರಾಶಿಯ ಮೇಲೆ ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತರು. ತಲೆಯೆತ್ತಿ ಅವಳ ಮುಖ ನೋಡಲು ಆಗಲಿಲ್ಲ.

"ಸೇರ್ಸಿ ಹೇಳು ಮಾತಿ."

ಮಾತಿ ಅವರೆದುರು ಕುಕ್ಕರುಗಾಲಿನಲ್ಲಿ ಕುಳಿತಳು. ಬೆರಳು ಮಡಿಸುತ್ತ, ಹಾಡಿಯ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದಳು.